ನಾವು ಕೈಮುಗಿದ ಗೋಡೆ

ಮಾರ್ಚ್ 3, ಸೋಮವಾರ

ಕಾಶಿಗೆ ಬಂದು ಐದು ತಿಂಗಳಾಯಿತು, ಬಂದ ಕೆಲಸ ಇನ್ನೂ ಆಗಿಲ್ಲ. ಬಂದ ಕೆಲಸ ಅಂದರೆ ಸಾಯುವುದು. ನನಗೀಗ ಅರವತ್ತೆಂಟು. ಗಂಡ ಹೋದ ಮೇಲೆ ಹರಪನಹಳ್ಳಿ ಕಡೆಯ ಮನೆಯನ್ನು ಮೈದುನನ ಮಕ್ಕಳಿಗೆ ಬಿಟ್ಟುಕೊಟ್ಟು, ಇನ್ನು ಗಂಗೆಯ ಪಕ್ಕದಲ್ಲೇ ಕಣ್ಣು ಮುಚ್ಚುತ್ತೇನೆ ಎಂದು ಹೇಳಿ ಬಂದವಳು. ದಿನಾ ವಿಶ್ವನಾಥನನ್ನು ಕೇಳಿಕೊಳ್ಳುತ್ತೇನೆ, ಅವನು ಕಿವಿಗೇ ಹಾಕಿಕೊಳ್ಳುತ್ತಿಲ್ಲ. ಇಪ್ಪತ್ತು ವರ್ಷ ನಮ್ಮೂರ ಶಾಲೆಯಲ್ಲಿ ಇನ್ನೂರು ಮಕ್ಕಳಿಗೆ ಬಿಸಿಯೂಟ ಬೇಯಿಸಿದವಳು ನಾನು. ಸುಮ್ಮನೆ ಕೂತು ಸಾವನ್ನು ಕಾಯುವುದು ಇಷ್ಟು ಬೇಸರದ ಕೆಲಸ ಎಂದು ಯಾರೂ ಮೊದಲೇ ಹೇಳಲಿಲ್ಲ. ಅದಕ್ಕೇ ಈ ನೋಟ್‌ಬುಕ್ಕು.

ಆದರೆ ಇವತ್ತು ಒಂದು ವಿಶೇಷ ನಡೆಯಿತು! ನಮ್ಮ ಛತ್ರದಿಂದ ಕೇದಾರ ಘಾಟಿಗೆ ಹೋಗುವ ಓಣಿಯಲ್ಲಿ ಬೀಗ ಹಾಕಿದ ಹಳೆಯ ಮನೆಯೊಂದಿದೆ. ಅದರ ಹಿಂಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಒಂದು ಸಾಲು ಬರೆದಿದ್ದಾರೆ. ಮೇಲೆ ಗೆರೆ ಎಳೆದ ಅಕ್ಷರ, ದೇವರ ಪುಸ್ತಕಗಳಲ್ಲಿ ಇರುವಂಥದ್ದು. ನನಗೆ ಓದಲು ಬರುವುದು ಕನ್ನಡ ಮಾತ್ರ. ಛತ್ರ ನೋಡಿಕೊಳ್ಳುವ ಕೊಟ್ಟೂರಯ್ಯನವರು ಜೊತೆಯಲ್ಲೇ ಇದ್ದರು, ಕೇಳಿದೆ.

"ಅಯ್ಯಾರ, ಏನ್ ಬರದಾರ ರೀ ಅಲ್ಲಿ?"

ಅವರು ಗೋಡೆಯ ಕಡೆ ತಿರುಗಲೂ ಇಲ್ಲ. "ದೇವರ ಹೆಸರು ರೀ ಅವ್ವಾರ. ಕೈ ಮುಗದು ನಡೀರಿ, ಬಿಸಲೇರತೈತಿ."

ಎಷ್ಟು ದಿನದಿಂದಲೋ ದೇವರ ಹೆಸರಿನ ಮುಂದೆಯೇ ಓಡಾಡಿ ಕೈಮುಗಿಯದೆ ಹೋಗಿದ್ದೇನೆ! ಎರಡೂ ಕೈ ಜೋಡಿಸಿ, ಗೋಡೆಗೆ ಹಣೆ ಮುಟ್ಟಿಸಿ ಬಂದೆ.

ಮಾರ್ಚ್ 6, ಗುರುವಾರ

ನನ್ನ ಕೋಣೆಯ ಕಮಲಾದೇವಿಗೆ ಹೇಳಿದ್ದೇ ತಡ, ಛತ್ರದ ಒಂಬತ್ತೂ ಹೆಂಗಸರಿಗೆ ಸುದ್ದಿ ಮುಟ್ಟಿತು. ಈಗ ಬೆಳಿಗ್ಗೆ ಸ್ನಾನಕ್ಕೆ ಹೋಗುವಾಗ ಸಾಲಾಗಿ ನಿಂತು ಕೈಮುಗಿಯುತ್ತೇವೆ. ಕಮಲಾದೇವಿ ಇಟ್ಟಿಗೆಯ ಸಂದಿಯಲ್ಲಿ ಚೆಂಡುಹೂವು ಸಿಕ್ಕಿಸಿದಳು. ನಾನು ವಿಭೂತಿ ಹಚ್ಚಿದೆ. ಗೋಡೆಗೆ ಒಂದು ಕಳೆಯೇ ಬಂದುಬಿಟ್ಟಿದೆ.

ಎದುರಿನ ಚಹಾದಂಗಡಿಯ ಮನೋಜ್ ನಮ್ಮನ್ನು ನೋಡಿ ನಗುತ್ತಾನೆ. ಅವನ ಗಿರಾಕಿಗಳಿಬ್ಬರು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡರು. ದಕ್ಷಿಣದವರ ಭಕ್ತಿ ಕಂಡು ಖುಷಿಯಾಗಿರಬೇಕು ಪಾಪ.

ಮಾರ್ಚ್ 10, ಸೋಮವಾರ

ಹಿಂದಿ ಕಲಿಯುತ್ತೇನೆ! ದೇವರ ಹೆಸರು ಎದುರಿಗಿದ್ದೂ ಓದಲಾರದವಳು ಕಾಶಿಯಲ್ಲಿದ್ದು ಏನು ಬಂತು? ಕೊಟ್ಟೂರಯ್ಯನವರ ಮಗಳು ಸುಚಿತ್ರಾಳನ್ನೇ ಹಿಡಿದುಕೊಂಡೆ. ತಾಯಿಯಿಲ್ಲದ ಹುಡುಗಿ, ಇಲ್ಲೇ ಹುಟ್ಟಿ ಬೆಳೆದವಳು, ಬಿ.ಎಸ್ಸಿ. ಕೊನೆಯ ವರ್ಷ. ನಾನು ಬಂದಾಗಿನಿಂದ ಅವಳು ಮನೆಯಲ್ಲಿ ಕೂತದ್ದೇ ಕಾಣೆ, ಬೆಳಿಗ್ಗೆ ಎದ್ದು ಟೋಟೋ ಎನ್ನುವ ಬ್ಯಾಟರಿ ರಿಕ್ಷಾ ಹತ್ತಿ ಹೋದರೆ ಸಂಜೆಯೇ. ಈಗ ಮೂರು ವಾರದಿಂದ ಮನೆಯಲ್ಲೇ ಇದ್ದಾಳೆ. ಕಾಲೇಜಿಗೆ ರಜೆ ಎಂದು ಅಯ್ಯನವರು ಹೇಳಿದರು. ನನ್ನ ಅದೃಷ್ಟ ನೋಡಿ!

ಮೊದಲು ಬರೆಸಿದ್ದು ನನ್ನ ಹೆಸರನ್ನೇ. ಅಂಬಾ, ಎರಡೇ ಅಕ್ಷರ. ಒಂದು ಪುಟ ತುಂಬ ಬರೆದು ಕಮಲಾದೇವಿಗೆ ತೋರಿಸಿದೆ. "ನೀ ಬರದಿ ಅಂತ ಹೆಂಗ ನಂಬೂದು, ಇರಿವಿ ಹರದಾಡಿರಬೇಕು" ಎಂದಳು. ಹೊಟ್ಟೆಕಿಚ್ಚು.

"ಅಜ್ಜಿ, ನೀವು ಭಾಳ ಜಲ್ದಿ ಕಲೀತೀರಿ" ಎಂದಳು ಸುಚಿತ್ರಾ. ಹುಡುಗಿ ನಗುವುದೇ ಕಡಿಮೆ, ಇದೊಂದು ಮಾತಿಗೆ ಸ್ವಲ್ಪ ನಕ್ಕಳು.

ಮಾರ್ಚ್ 14, ಶುಕ್ರವಾರ

ಹೋಳಿ. ಬಾಗಿಲು ಹಾಕಿಕೊಂಡು ಕೂತೆವು. ಹೊರಗೆ ಹುಡುಗರ ಕೂಗಾಟ. ಸುಚಿತ್ರಾ ಕಿಟಕಿಯನ್ನೂ ಮುಚ್ಚಿದಳು, ಪಾಠ ಬೇಡ ಎಂದಳು. ನಾನೊಬ್ಬಳೇ ಕಾಗುಣಿತ ತಿದ್ದಿದೆ.

ಮಾರ್ಚ್ 18, ಮಂಗಳವಾರ

ಗೋದೌಲಿಯಾ ಪೇಟೆಯ ನಡುರಸ್ತೆಯಲ್ಲಿ ನಿಂತು ಬೋರ್ಡು ಓದಿದೆ! ದೂಧ್, ಹಾಲು. ದಹೀ, ಮೊಸರು. ಸಾಡಿಯಾಂ, ಸೀರೆಗಳು. ಒಂದೊಂದು ಅಕ್ಷರಕ್ಕೂ ನಿಂತು, ಬಾಯಿಬಿಟ್ಟು ಹೇಳಿ, ಮುಂದಿನದಕ್ಕೆ ಹೋಗುವಷ್ಟರಲ್ಲಿ ಹಿಂದೆ ಹತ್ತು ಸೈಕಲ್‌ರಿಕ್ಷಾ. "ಅರೇ ಮಾತಾಜೀ, ಹಟಿಯೇ!" ದಾರಿ ಬಿಡಿ ಎಂದು ಬೈದರು. ಬೈಯಲಿ. ಐದು ತಿಂಗಳು ಬರೀ ಗೀರುಗಳಾಗಿದ್ದ ಊರು ಈಗ ನನ್ನ ಜೊತೆ ಮಾತಾಡುತ್ತಿದೆ.

ಸುಚಿತ್ರಾ ಇವತ್ತು ತನ್ನ ಹೆಸರು ಬರೆಸಿದಳು. ನಾನೇ ಹಟ ಮಾಡಿದ್ದು, ಗುರುವಿನ ಹೆಸರು ಬರೆಯಲು ಬರಬೇಡವೇ? ಸ್ವಲ್ಪ ಕಷ್ಟದ್ದು. ಹತ್ತು ಸಲ ಬರೆದೆ. ಬರೆಸುವಾಗ ಅವಳ ಮುಖ ಯಾಕೋ ಬಾಡಿತ್ತು. ರಜೆಯಲ್ಲಿ ಗೆಳತಿಯರಿಲ್ಲದೆ ಬೇಸರವಾಗಿರಬೇಕು.

ಮಾರ್ಚ್ 21, ಶುಕ್ರವಾರ

ಓದಿಬಿಟ್ಟೆ! ಗೋಡೆಯ ಮೇಲಿನ ಮೊದಲ ಪದ ಓದಿಬಿಟ್ಟೆ! ಚೆಂಡುಹೂವು ಸರಿಸಿ ಒಂದೊಂದೇ ಅಕ್ಷರ ಕೂಡಿಸಿದೆ. ಸುಚಿತ್ರಾ! ಹತ್ತು ಸಲ ಬರೆದ ಹೆಸರು, ತಪ್ಪುವುದುಂಟೇ? ಮುಂದಿನ ಪದಕ್ಕೆ ಕಾಯದೆ ಛತ್ರಕ್ಕೆ ಹೊರಟೆ. ಮೆಟ್ಟಿಲೆಲ್ಲ ಹೇಗೆ ಹತ್ತಿದೆನೋ. ಹುಡುಗಿ ಅಂಗಳದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು.

"ಏನ ಹುಡುಗಿ, ನಿಂದು ದೇವರ ಹೆಸರಂತ ಯಾಕ ಹೇಳಲಿಲ್ಲ ನೀನು? ಸುಚಿತ್ರಾ ಅಂತ ಒಬ್ಬ ದೇವಿ ಅದಾಳೇನ ಇಲ್ಲಿ? ನಾವು ದಿನಾ ನಿನ್ನ ಹೆಸರಿಗೇ ಹೂವು ಇಡಾಕತ್ತೀವಿ!"

ಅವಳು ಮೊರ ಕೆಳಗಿಟ್ಟು ಒಳಗೆ ಹೋದಳು. ಚಿಲಕದ ಸಪ್ಪಳ ಕೇಳಿಸಿತು. ಊಟಕ್ಕೂ ಬರಲಿಲ್ಲ. ನಾನೇನು ತಪ್ಪು ಮಾಡಿದೆ?

ಮಾರ್ಚ್ 22, ಶನಿವಾರ

ಬರೆಯಬೇಕೋ ಬೇಡವೋ ಎಂದು ಬೆಳಿಗ್ಗೆಯಿಂದ ಕೂತಿದ್ದೇನೆ. ಬರೆಯುತ್ತೇನೆ.

ಆ ಗೋಡೆಯ ಮೇಲಿರುವುದು, "ಸುಚಿತ್ರಾ ಬಿಕಾವೂ ಹೈ, ಛತ್ರ ಮೇಂ ಪೂಛೋ." ಅಂದರೆ ಸುಚಿತ್ರಾ ಮಾರಾಟಕ್ಕಿದ್ದಾಳೆ, ಛತ್ರದಲ್ಲಿ ವಿಚಾರಿಸಿ.

ಹುಡುಗಿಯೇ ಹೇಳಿದಳು, ತನ್ನ ಕೋಣೆಯಲ್ಲಿ ನನಗೆ ಬೆನ್ನು ಮಾಡಿಕೊಂಡು. "ನೀವೆಲ್ಲಾರು ಅಲ್ಲಿ ಹೂವು ಇಡೋದು ನಂಗ ಗೊತ್ತಿತ್ತು ಅಜ್ಜಿ. ಹೆಂಗ ಹೇಳ್ಲಿ? ಶರಮ್ ಆಗತಿತ್ತು." ಬರೆದವನು ಯಾರೆಂದು ಅವಳಿಗೂ ಗೊತ್ತಿಲ್ಲ. ಕಾಲೇಜಿನ ದಾರಿಯಲ್ಲಿ ಇಬ್ಬರು ಮೂವರು ಹಿಂದೆ ಬೀಳುತ್ತಿದ್ದರಂತೆ, ಇವಳು ತಿರುಗಿಯೂ ನೋಡಿರಲಿಲ್ಲ. ಅದನ್ನು ಓದಿದ ದಿನವೇ ಅಯ್ಯನವರು ಕಾಲೇಜು ಬಿಡಿಸಿದರು. ರಜೆಯೂ ಇಲ್ಲ ಗಿಜೆಯೂ ಇಲ್ಲ. "ಅವತ್ತಿನಿಂದ ಅಪ್ಪಾಜಿ ನನ್ನ ಮುಖಾನ ನೋಡಿಲ್ಲ" ಎಂದಳು. ಏಪ್ರಿಲ್ ಏಳರ ಬೆಳಿಗ್ಗೆ ಎಂಟೂವರೆಯ ರೈಲಿಗೆ ಟಿಕೆಟ್ ಆಗಿದೆ. ಹುಬ್ಬಳ್ಳಿಯ ಸೋದರತ್ತೆಯ ಮನೆ, ಅಲ್ಲೊಂದು ಗಂಡು. ಅವಳ ಪರೀಕ್ಷೆ ಶುರುವಾಗುವುದೂ ಅದೇ ಏಳರ ಬೆಳಿಗ್ಗೆ ಏಳೂವರೆಗೆ.

ನಾನು ಅದಕ್ಕೆ ಹಣೆ ಮುಟ್ಟಿಸಿದ್ದೆ. ವಿಭೂತಿ ಹಚ್ಚಿದ್ದೆ. ಎಂಟು ಜನರನ್ನು ಕರೆದುಕೊಂಡು ಹೋಗಿದ್ದೆ. ಮನೋಜ್ ನಕ್ಕದ್ದು ಇದಕ್ಕೆ! ಮೈಯೆಲ್ಲ ಉರಿಯುತ್ತಿದೆ.

ಮಾರ್ಚ್ 24, ಸೋಮವಾರ

ಓದು ಬಂದದ್ದು ಒಳ್ಳೆಯದಾಯಿತೋ ಕೆಟ್ಟದಾಯಿತೋ ತಿಳಿಯದು. ಈಗ ಕಣ್ಣು ಎಲ್ಲಿ ಹೋದರೂ ಅದೇ. ಘಾಟಿನ ಮೆಟ್ಟಿಲ ಪಕ್ಕ ಇದ್ದಿಲಲ್ಲಿ, ಮುಚ್ಚಿದ ಅಂಗಡಿಯ ಶಟರಿನ ಮೇಲೆ, ರಾಮನಗರಕ್ಕೆ ಹೋಗುವ ಸೇತುವೆಯ ಕಂಬಗಳ ಮೇಲೆ. ಪಿಂಕಿ ಹಾಗೆ, ಪೂಜಾ ಹೀಗೆ, ಹೆಣ್ಣು ಓದಿದರೆ ಕೆಡುತ್ತಾಳೆ, ಹೆಣ್ಣು ನಕ್ಕರೆ ಒಪ್ಪಿದಳು. ಎಲ್ಲ ಓದಿ ಹೇಳಿದ್ದಕ್ಕೆ ಕಮಲಾದೇವಿ, "ಊರ ಗಂಡಸ್ರಿಗೆಲ್ಲ ಇಷ್ಟು ಬಿಡುವಿರತೈತೇನ" ಎಂದಳು.

ನಮ್ಮೂರಲ್ಲಿ ಇರಲಿಲ್ಲವೇ? ಇತ್ತು. ಏಳನೆಯ ಕ್ಲಾಸಿನಲ್ಲಿ ನನ್ನ ಪಕ್ಕ ವಸಂತಾ ಕೂರುತ್ತಿದ್ದಳು. ಬಾವಿಯ ಕಟ್ಟೆಯ ಮೇಲೆ ಯಾರೋ ಅವಳ ಹೆಸರು ಬರೆದರು. ಮರುದಿನದಿಂದ ಅವಳು ಶಾಲೆಗೆ ಬರಲಿಲ್ಲ. ಅವಳೇ ಏನೋ ಮಾಡಿರಬೇಕು ಎಂದು ಎಲ್ಲರೂ ಅಂದರು, ನಾನೂ ಅಂದೆ. ಚೆನ್ನಾಗಿ ನೆನಪಿದೆ, ನಾನೂ ಅಂದೆ. ಐವತ್ತಾರು ವರ್ಷದ ಮೇಲೆ ನಾಚಿಕೆಯಾಗುತ್ತಿದೆ.

ಸಂಜೆ ಕೊಟ್ಟೂರಯ್ಯನವರನ್ನು ತಡೆದು ನಿಲ್ಲಿಸಿದೆ.

"ಮಗಳ ಬೈಗಳಕ್ಕ ನಮ್ ಕಡೆಯಿಂದ ಕೈ ಮುಗಿಸಿದ್ರಲ್ಲ ಅಯ್ಯಾರ."

"ನೀವು ಓಣ್ಯಾಗ ನಿಂತು ಕೇಳಿದ್ರಿ. ಏನ್ ಹೇಳಬೇಕಿತ್ತು ರೀ ನಾನು? ಬಾಯಿಗೆ ಬಂದಾಂವ ದೇವರೊಬ್ಬನ."

"ಅದಿರಲಿ. ಬರದಾಂವ ಆರಾಮ ಓಡಾಡಾಕತ್ಯಾನ, ಹುಡುಗಿನ್ನ ಯಾಕ ಮನ್ಯಾಗ ಕೂಡ್ರಿಸೀರಿ?"

"ಬರದಾಂವ ಯಾರಂತ ಯಾರಿಗೂ ಗೊತ್ತಿಲ್ಲ ಅವ್ವಾರ. ಹೆಸರು ಯಾರದಂತ ಎಲ್ಲಾರಿಗೂ ಗೊತ್ತೈತಿ."

ಇಷ್ಟು ಹೇಳಿ ಅವರು ಒಳಗೆ ಹೋದರು. ಕೆಟ್ಟ ಮನುಷ್ಯನಲ್ಲ. ಆದರೆ ಹೆದರಿದ ಮನುಷ್ಯ, ಅದಕ್ಕೇ ಮಾತು ಕೇಳುವುದಿಲ್ಲ.

ಮಾರ್ಚ್ 28, ಶುಕ್ರವಾರ

ಉಪಾಯ ಸಿಕ್ಕಿತು! ನಾಡಿದ್ದು ಯುಗಾದಿ. ಯುಗಾದಿಗೆ ನಮ್ಮ ಕಡೆ ಯಾವ ಹೆಂಗಸು ಗೋಡೆಗೆ ಸುಣ್ಣ ಹೊಡೆಯದೆ ಕೂರುತ್ತಾಳೆ? ಆ ಗೋಡೆಗೂ ಹೊಡೆದರಾಯಿತು. ಯಾರನ್ನೂ ಕೇಳುವುದು ಬೇಡ.

ಕಮಲಾದೇವಿಯೂ ನಾನೂ ಸುಣ್ಣಕ್ಕೆ ಹೊರಟೆವು. ಮೊದಲ ಪಾನ್ ಅಂಗಡಿಯವನ ಹತ್ತಿರ ಒಂದು ಬಕೆಟ್ ಸುಣ್ಣ ಕೊಡು ಎಂದೆ. ಅವನು ನಮ್ಮಿಬ್ಬರ ಬಾಯಿ ನೋಡಿ, "ಇತನಾ ಪಾನ್ ಕೌನ್ ಖಾಯೇಗಾ, ಅಮ್ಮಾ?" ಇಷ್ಟು ಎಲೆಯಡಿಕೆ ಯಾರು ತಿನ್ನುತ್ತಾರೆ ಎಂದು ಕೇಳಿದ. ಕಮಲಾದೇವಿ ರಸ್ತೆಯಲ್ಲೇ ಕೂತು ನಕ್ಕಳು. ಆಮೇಲೆ ಅವನೇ ಸುಣ್ಣದ ಕಲ್ಲು ಮಾರುವ ಅಂಗಡಿ ತೋರಿಸಿದ. ಛತ್ರದ ಬಚ್ಚಲ ಅಂಗಳದಲ್ಲಿ ಕಲ್ಲಿಗೆ ನೀರು ಹಾಕಿದೆವು. ಕೊತಕೊತ ಕುದಿಯುವುದನ್ನು ನೋಡಲು ಎಲ್ಲರೂ ಸುತ್ತ ನಿಂತರು. ಒಬ್ಬಳು ಗೋಂದು ತಂದಳು, ಒಬ್ಬಳು ನೀಲಿ ತಂದಳು. ನೀಲಿ ಎಷ್ಟು ಚಿಟಿಕೆ ಎಂಬುದರ ಮೇಲೆ ಜಗಳವೇ ಆಯಿತು.

ಮಾರ್ಚ್ 29, ಶನಿವಾರ

ಹೊಡೆದೆವು! ಹಗಲು ಹತ್ತು ಗಂಟೆಗೆ, ಓಣಿ ತುಂಬಾ ಜನ ಓಡಾಡುವಾಗ, ಸೀರೆ ಎತ್ತಿ ಕಟ್ಟಿ. ಮೂರು ಕೈ ಸುಣ್ಣ. ಗೋಡೆ ಹಾಲಿನ ಹಾಗೆ ಆಯಿತು. ಮನೋಜನಿಗೆ ನನಗೆ ಬರುವಷ್ಟು ಹಿಂದಿಯಲ್ಲೇ ಬೈದೆ. "ತುಮ್ ಪಢಾ. ತುಮ್ ಹಸಾ. ಹಮ್ಕೋ ಬೋಲಾ ನಹೀ. ಕ್ಯೋಂ?" ಓದಿ ನಕ್ಕೆಯಲ್ಲ, ನಮಗೆ ಯಾಕೆ ಹೇಳಲಿಲ್ಲ ಎಂದು. ಅವನು ಲೋಟ ತೊಳೆಯುತ್ತಾ ತಲೆ ತಗ್ಗಿಸಿದ. ಕೊನೆಗೆ ಎಲ್ಲರಿಗೂ ಮಣ್ಣಿನ ಕುಲ್ಹಡ್‌ನಲ್ಲಿ ಚಹಾ ತಂದುಕೊಟ್ಟ. ಕುಡಿದೆವು, ಆದರೆ ಕ್ಷಮಿಸಿಲ್ಲ.

ಸುಚಿತ್ರಾ ಹೊರಗೆ ಬರಲಿಲ್ಲ. ನಾಳೆ ತೋರಿಸುತ್ತೇನೆ.

ಮಾರ್ಚ್ 31, ಸೋಮವಾರ

ಎಣ್ಣೆಬಣ್ಣದ ಮೇಲೆ ಸುಣ್ಣ ನಿಲ್ಲುವುದಿಲ್ಲವಂತೆ. ಒಣಗಿ ಹಕ್ಕಳೆಯಾಗಿ ಉದುರಿದೆ. ಸುತ್ತಲ ಗೋಡೆ ಬೆಳ್ಳಗಾಗಿ, ಆ ಸಾಲು ಮೊದಲಿಗಿಂತ ಕೆಂಪಾಗಿ, ಘಾಟಿನ ಮೇಲಿನಿಂದಲೇ ಕಾಣುತ್ತದೆ. ಅಯ್ಯನವರು ನೋಡಿ ಬಂದು, "ಸಾಕು ರೀ ಅವ್ವಾರ, ಇನ್ನೇನೂ ಮಾಡಬ್ಯಾಡ್ರಿ" ಎಂದು ಕೈಮುಗಿದರು.

ನಾನೇ ಹಾಳು ಮಾಡಿದೆ.

ಏಪ್ರಿಲ್ 2, ಬುಧವಾರ

ಸುಚಿತ್ರಾ ಸೂಟ್‌ಕೇಸಿಗೆ ಬಟ್ಟೆ ಹಾಕುತ್ತಿದ್ದಳು. ಪುಸ್ತಕಗಳನ್ನು ಬೇರೆ ಕಟ್ಟಿ ಕಪಾಟಿನ ಮೇಲಿಟ್ಟಿದ್ದಾಳೆ. ಕೆಳಗಿಳಿಸಿ ಓದು ಎಂದೆ. "ಕಿಸ್‌ಲಿಯೇ, ಅಜ್ಜಿ?" ಎಂದಳು. ಯಾತಕ್ಕೆ ಅಂದರೆ ನಾನೇನು ಹೇಳಲಿ.

ಗೋಡೆಯ ಮುಂದೆ ಹೋಗಿ ನಿಂತೆ. ಅಳಿಸಲಂತೂ ಆಗುವುದಿಲ್ಲ. ಹಾಗಾದರೆ ಅಯ್ಯನವರ ಮಾತೇ ಸರಿ, ಹೆಸರು ಯಾರದು ಎಂಬುದೇ ಇಲ್ಲಿ ಪ್ರಶ್ನೆ. ಇಡೀ ಗೋಡೆಗೆ ಒಂದೇ ಹೆಸರು! ಒಂದೇ ಯಾಕಿರಬೇಕು?

ಓಹೋ. ನನಗೆ ಬರೆಯಲು ಬರುತ್ತದಲ್ಲ!

ಏಪ್ರಿಲ್ 3, ಗುರುವಾರ

ಕೈಗೆ ಹತ್ತಿದ ಬಣ್ಣ ಇನ್ನೂ ಹೋಗಿಲ್ಲ. ಎಲ್ಲವನ್ನೂ ಬರೆದಿಡುತ್ತೇನೆ.

ಬೆಳಿಗ್ಗೆ ಗೋದೌಲಿಯಾದಿಂದ ಕೆಂಪು ಎಣ್ಣೆಬಣ್ಣದ ಒಂದು ಡಬ್ಬಿ, ಒಂದು ಬ್ರಶ್ ತಂದೆ. ಹತ್ತು ಗಂಟೆಗೆ ಗೋಡೆಯ ಮುಂದೆ ನಿಂತು, ಆ ಸಾಲಿನ ಕೆಳಗೆ, ಅಷ್ಟೇ ದೊಡ್ಡದಾಗಿ ಬರೆದೆ. ಅಂಬಾ ಬಿಕಾವೂ ಹೈ. ಹೆಸರು ಬಾಯಿಪಾಠ. ಉಳಿದದ್ದನ್ನು ಮೇಲಿನ ಸಾಲು ನೋಡಿ ನಕಲು ಮಾಡಿದೆ. ಕೊನೆಗೆ ಗೆರೆ ಸೊಟ್ಟಗಾಯಿತು, ಆದರೂ ಓದಬಹುದು.

ಜನ ಸೇರಿದರು. ಮನೋಜ್ ಅಂಗಡಿ ಬಿಟ್ಟು ಓಡಿಬಂದ. "ಅಮ್ಮಾಜೀ, ಯೇ ಕ್ಯಾ ಲಿಖ್ ದಿಯಾ? ಮತಲಬ್ ಪತಾ ಹೈ ಆಪ್ಕೋ?"

"ಪತಾ ಹೈ" ಎಂದೆ. ಅರ್ಥ ಗೊತ್ತು. "ಅಬ್ ಹಸೋ." ಈಗ ನಗು.

ಯಾರೂ ನಗಲಿಲ್ಲ. ಅರವತ್ತೆಂಟರ ವಿಧವೆ ಮಾರಾಟಕ್ಕಿದ್ದಾಳೆ ಎಂದು ಓದಿ ನಗುವುದು ಹೇಗೆ ಎಂದು ಅವರಿಗೆ ತಿಳಿಯಲಿಲ್ಲ. ಒಬ್ಬ ಮೊಬೈಲ್ ಎತ್ತಿದವನು ಹಾಗೇ ಜೇಬಿಗೆ ಹಾಕಿಕೊಂಡ. ಇನ್ನೊಬ್ಬ ಚಪ್ಪಲಿ ನೋಡಿಕೊಂಡು ಹೊರಟುಹೋದ.

"ಸರಿ ಅತ್ಲಾಗ, ನಂದು ಬರಿ" ಎಂದು ಕಮಲಾದೇವಿ ನನ್ನನ್ನು ತಳ್ಳಿದಳು. ಹಿಂದೆ ನೋಡಿದರೆ ಉಳಿದ ಏಳೂ ಜನ ಬಂದು ನಿಂತಿದ್ದಾರೆ! ಆದರೆ ಅವರ ಹೆಸರು ಬರೆಯುವಷ್ಟು ನಾನು ಕಲಿತಿಲ್ಲ. ಕಮಲಾದೇವಿ ಓಣಿಯಲ್ಲಿ ನಿಂತೇ ಛತ್ರದ ಮಾಳಿಗೆಯ ಕಡೆ ಕೂಗಿದಳು. "ಸುಚಿತ್ರಾ, ಇಳದು ಬಾ! ಈಕಿಗೆ ತನ್ನ ಹೆಸರೊಂದ ಬರತೈತಿ, ನಮ್ಮನ್ನ ಬಿಟ್ಟಾಳ!"

ನಾವು ಕಾದೆವು. ಒಂದೂವರೆ ತಿಂಗಳ ಮೇಲೆ ಹುಡುಗಿ ಆ ಓಣಿಗೆ ಕಾಲಿಟ್ಟಳು. ದುಪಟ್ಟಾವನ್ನು ಮುಖದವರೆಗೆ ಎಳೆದುಕೊಂಡಿದ್ದಳು. ಗೋಡೆ ನೋಡಿದಳು. ತನ್ನ ಹೆಸರು, ಅದರ ಕೆಳಗೆ ನನ್ನ ಹೆಸರು. "ಅಜ್ಜಿ, ಪಾಗಲ್ ಹೋ ನೀವು" ಎಂದಳು. ಅಳುತ್ತಿದ್ದಳೋ ನಗುತ್ತಿದ್ದಳೋ, ಎರಡೂ ಇತ್ತು. ಬ್ರಶ್ ಕಸಿದುಕೊಂಡು ಬರೆಯತೊಡಗಿದಳು. ಕಮಲಾದೇವಿ ಬಿಕಾವೂ ಹೈ. ಆಮೇಲೆ ಒಬ್ಬೊಬ್ಬರದೂ. ಎಷ್ಟು ಚೆಂದದ ಅಕ್ಷರ ಅವಳದು! ದುಪಟ್ಟಾ ಯಾವಾಗ ಹೆಗಲಿಗೆ ಜಾರಿತೋ ಅವಳಿಗೇ ಗೊತ್ತಾಗಲಿಲ್ಲ. ಮುಗಿಸಿದಾಗ ಹತ್ತು ಸಾಲು. ಅವಳದು ಹತ್ತರಲ್ಲಿ ಒಂದು.

ಆಗಲೇ ಕೊಟ್ಟೂರಯ್ಯನವರು ತರಕಾರಿ ಚೀಲ ಹಿಡಿದು ಬಂದರು. ಮೇಲಿನಿಂದ ಕೆಳಗಿನವರೆಗೆ ಹತ್ತನ್ನೂ ಓದಿದರು. ತುಟಿ ಅಲ್ಲಾಡುತ್ತಿತ್ತು.

"ಅಯ್ಯಾರ," ನಾನೇ ಮುಂದೆ ಹೋದೆ, "ಗ್ವಾಡಿ ಮ್ಯಾಲ ಹೆಸರು ಬಂದಾಕಿನ್ನ ಊರಿಗೆ ಕಳಸೂದಾದ್ರ ನಮಗೂ ಟಿಕೀಟ್ ತಗಸ್ರಿ. ಒಂಬತ್ತು. ನಮ್ಮ ಮರ್ಯಾದಿನೂ ಹೋಗೇತಿ."

ಅವರು ಚೀಲ ಹಿಡಿದು ಒಳಗೆ ಹೋದರು. ರಾತ್ರಿ ಊಟ ಮಾಡಲಿಲ್ಲ.

ಒತ್ತಕ್ಷರ ಪೂರ್ತಿ ಕಲಿಯಬೇಕು ನಾನು. ದೀಪಾವಳಿಯೊಳಗೆ ಪೇಪರು ಓದುವಂತಾಗಬೇಕು. ಎರಡನೇ ಕ್ಲಾಸಿನ ಪುಸ್ತಕ ತರಿಸಿಕೊಡು ಎಂದು ಸುಚಿತ್ರಾಗೆ ಹೇಳಿದ್ದೇನೆ.

ಏಪ್ರಿಲ್ 5, ಶನಿವಾರ

ಅಯ್ಯನವರು ಮಾತಾಡುತ್ತಿಲ್ಲ. ಟಿಕೆಟ್ ರದ್ದಾಗಿಲ್ಲ. ಸೂಟ್‌ಕೇಸ್ ಬಾಗಿಲ ಬಳಿ ಬಂದಿದೆ.

ಆದರೆ ಪುಸ್ತಕ ಕಪಾಟಿನಿಂದ ಕೆಳಗಿಳಿದಿದೆ. ಹುಡುಗಿ ನಿನ್ನೆಯಿಂದ ಓದುತ್ತಿದ್ದಾಳೆ, ಹೋಗುವೆನೋ ಇಲ್ಲವೋ ಎಂದು ಹೇಳದೆ. ನಾವು ಸದ್ದಿಲ್ಲದೆ ಓಡಾಡುತ್ತೇವೆ. ಕಮಲಾದೇವಿ ಎರಡು ದಿನದಿಂದ ಭಜನೆಯನ್ನು ಮನಸ್ಸಿನಲ್ಲೇ ಮಾಡುತ್ತಿದ್ದಾಳೆ, ಅದೇ ದೊಡ್ಡ ಪವಾಡ. ನಾನು ವಿಶ್ವನಾಥನ ಗುಡಿಗೆ ಹೋಗಿ ವಾರವಾಯಿತು. ಪುರುಸೊತ್ತೇ ಇಲ್ಲ.

ಏಪ್ರಿಲ್ 7, ಸೋಮವಾರ

ಪರೀಕ್ಷೆಯ ಕಾಲೇಜಿನ ಗೇಟಿನ ಹೊರಗೆ, ಬೇವಿನ ಮರದ ಕೆಳಗೆ ಕೂತು ಬರೆಯುತ್ತಿದ್ದೇನೆ. ಅವಳು ಒಳಗಿದ್ದಾಳೆ! ಒಳಗಿದ್ದಾಳೆ!

ಆರು ಗಂಟೆಗೆ ಎದ್ದಾಗ ಅಯ್ಯನವರು ಛತ್ರದಲ್ಲಿ ಇರಲಿಲ್ಲ. ಸುಚಿತ್ರಾ ಸ್ನಾನ ಮಾಡಿ, ತಲೆ ಬಾಚಿಕೊಂಡು, ಸೂಟ್‌ಕೇಸಿನ ಪಕ್ಕ ಕೂತಿದ್ದಳು. "ಅಪ್ಪಾಜಿಗೆ ಹೇಳದ ನಾ ಹೋಗಂಗಿಲ್ಲ ಅಜ್ಜಿ. ಕದ್ದು ಹೋದರ ಗೋಡೆ ಮ್ಯಾಲಿಂದು ಖರೇ ಆಗ್ತದ" ಎಂದಳು.

"ಹಂಗಾರ ಕೇಳೂಣ ನಡಿ, ಎಲ್ಲಿದ್ರೂ ಹುಡುಕೂಣ" ಎಂದು ಕೈ ಹಿಡಿದು ಎಬ್ಬಿಸಿದೆ.

ಓಣಿಯ ತಿರುವಿನಲ್ಲೇ ಕಂಡರು. ನಮಗೆ ಬೆನ್ನು ಮಾಡಿ, ಗೋಡೆಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದರು. ಮೇಲೆ ಜಾಗ ಉಳಿದಿರಲಿಲ್ಲ, ಹತ್ತು ಸಾಲಿನ ಕೆಳಗೆ ನೆಲಕ್ಕೆ ಗೇಣುದ್ದದಲ್ಲಿ ಬರೆಯುತ್ತಿದ್ದರು. ಬಿಳಿ ಪಂಚೆಗೆಲ್ಲ ಕೆಂಪು ಬಣ್ಣ. ಮನೋಜ್ ಪಕ್ಕದಲ್ಲಿ ಡಬ್ಬಿ ಹಿಡಿದುಕೊಂಡಿದ್ದ. ನಾನು ಬಗ್ಗಿ ಒಂದೊಂದೇ ಅಕ್ಷರ ಕೂಡಿಸಿದೆ. ಕೊಟ್ಟೂರಯ್ಯ ಬಿಕಾವೂ ಹೈ.

ಅವರು ಮೊಣಕಾಲು ಹಿಡಿದು ಎದ್ದರು, ತಿರುಗಿದರು. ಮಗಳ ಮುಖ ನೋಡಿದರು, ನೇರವಾಗಿ, ಬಹಳ ಹೊತ್ತು. ಓಣಿಯಲ್ಲಿ ಹಾಲಿನವರು, ಸ್ನಾನಕ್ಕೆ ಹೋಗುವವರು, ಎಲ್ಲರೂ ನಿಂತಿದ್ದರು.

"ಅಡ್ಮಿಟ್ ಕಾರ್ಡ್ ತಗೊಂಡೀಯೇನವಾ?" ಎಂದರು.

ಅವಳು ತಲೆಯಾಡಿಸಿದಳು. ಕುರ್ತಾದ ಒಳಗಿನಿಂದ ಮಡಿಸಿದ ಕಾಗದ ತೆಗೆದು ತೋರಿಸಿದಳು. ರಾತ್ರಿಯೆಲ್ಲ ಅಲ್ಲೇ ಇಟ್ಟುಕೊಂಡಿದ್ದಳಂತೆ.

"ಏಳೂವರಿಗೆ ಗೇಟ್ ಹಾಕ್ತಾರ. ನಿಂತು ಏನ್ ನೋಡ್ತೀರಿ?" ಎಂದು ಅಯ್ಯನವರು ನಮ್ಮನ್ನೇ ಗದರಿದರು.

ಓಡಿದೆವು, ಮೂವರೂ.